ದೋಣಿ ಕರೆಂಟು

ಬರುವ ಭಾನುವಾರದೊಳಗೆ ಮಾವನ ಬಾಯಿಂದಲೇ ‘ನಮ್ಮ ಮನೆಗೂ ಒಂದು ಬ್ಯಾಟರಿ ಬೇಕು’ ಎಂದು ಹೇಳಿಸದಿದ್ದರೆ ತನ್ನ ಹೆಸರು ಸುನಿಲಕುಮಾರನೇ ಅಲ್ಲ ಎಂದು ಸುನಿಲಕುಮಾರ ಘೋಷಿಸಿದ.

“ಹೆಸರು ಬದಲಿ ಮಾಡಿದ್ರ ಅಂಗಡಿ ಬೋರ್ಡೂ ಬದಲಿ ಮಾಡಬೇಕಾಗತೈತಿ, ವಿಚಾರ ಮಾಡ್ರಿ,” ಎಂದಳು ಹೆಂಡತಿ ರಂಜನಾ, ರೊಟ್ಟಿ ಬಡಿಯುತ್ತ.

ಸಂಗತಿ ಸಣ್ಣದೇನಲ್ಲ. ಬೆಟಗೇರಿಯಲ್ಲಿ ಅವನ ಅಂಗಡಿಯ ಇನ್ವರ್ಟರ್ ಬ್ಯಾಟರಿ ಇಲ್ಲದ ಓಣಿಯೇ ಇಲ್ಲ. ಮಗ್ಗದ ಮನೆ, ಹಿಟ್ಟಿನ ಗಿರಣಿ, ಕಲ್ಯಾಣ ಮಂಟಪ, ಎಲ್ಲ ಕಡೆ ಅವನದೇ. ಇಲ್ಲದ್ದು ಒಂದೇ ಮನೆಯಲ್ಲಿ, ಅದೂ ಲಕ್ಷ್ಮೇಶ್ವರದ ಸ್ವಂತ ಮಾವ ಪಾಂಡಪ್ಪನವರ ಮನೆಯಲ್ಲಿ! ಪಾಂಡಪ್ಪನವರು ಮೂವತ್ತೆರಡು ವರ್ಷ ಲೈನ್‌ಮನ್ ಆಗಿದ್ದು ನಿವೃತ್ತರಾದವರು. ಕಂಬದಿಂದ ಬಂದದ್ದಷ್ಟೇ ಕರೆಂಟು, ಡಬ್ಬಿಯಿಂದ ಬಂದದ್ದು ಕರೆಂಟಲ್ಲ ಎಂಬುದು ಅವರ ಸಿದ್ಧಾಂತ. ಹನ್ನೊಂದು ವರ್ಷದಿಂದ ಅಳಿಯ ಹೇಳುತ್ತಲೇ ಇದ್ದ, ಅವರು ಕಂದೀಲು ಒರೆಸುತ್ತಲೇ ಇದ್ದರು. ಊರಿಗೆಲ್ಲ ಬೆಳಕು ಕೊಟ್ಟವನಿಗೆ ಮಾವನ ಮನೆಯ ಕತ್ತಲೆ ಭಾಳ ನೋವು ಕೊಡುತ್ತಿತ್ತು.

ಈ ಸಲ ಅವನ ಕೈಯಲ್ಲಿ ಬ್ರಹ್ಮಾಸ್ತ್ರವೊಂದಿತ್ತು. ದೋಣಿ! ಗೋವಾದಿಂದ ಲಾರಿಯ ಮೇಲೆ ಬಂದಿಳಿದ ಹಳೆಯ ಎಂಜಿನ್ ದೋಣಿ. ಅದರಲ್ಲೊಂದು ಪುಟ್ಟ ಕೋಣೆ, ಎರಡು ಮಂಚ, ಅಡುಗೆ ಕಟ್ಟೆ, ಫ್ರಿಜ್ಜು, ಟಿವಿ. ಮುಂಡರಗಿಯಾಚೆ ತುಂಗಭದ್ರೆಯ ಹಿನ್ನೀರಿನಲ್ಲಿ, ರೈತ ಲಕ್ಷ್ಮಪ್ಪನ ಹೊಲದ ದಂಡೆಗೆ ಅದನ್ನು ಕಟ್ಟಿದ್ದ. ದಂಡೆಯಲ್ಲಿದ್ದಾಗ ಉದ್ದನೆಯ ಕೇಬಲ್ಲು ಹಚ್ಚಿ ಹೊಟ್ಟೆ ತುಂಬ ಕರೆಂಟು ಕುಡಿಯುವುದು, ಹೊಳೆಯ ನಡುವೆ ಬ್ಯಾಟರಿಯ ಮೇಲೆ ಬದುಕುವುದು, ಇದು ದೋಣಿಯ ಸಂಸಾರ. ಮಾವನನ್ನು ಒಂದು ಕಂಬವೂ ಇಲ್ಲದ ಜಾಗಕ್ಕೆ ಒಯ್ದು, ಅಲ್ಲಿ ಫ್ಯಾನು ತಿರುಗಿಸಿ ತೋರಿಸುವುದು ಸುನಿಲಕುಮಾರನ ಯೋಜನೆ.

ಶುಕ್ರವಾರವೇ ಹೆಂಡತಿಯನ್ನು ಕರೆದುಕೊಂಡು ತಯಾರಿಗೆ ಹೋದ.

“ಲಕ್ಷ್ಮಪ್ಪ, ನಿನ್ನ ಮೋಟರ್ ಮನ್ಯಾಗ ಪ್ಲಗ್ ಹಚ್ಚಲೇನು?”

“ಹಚ್ಚರಿ ಸಾವಕಾರ್ರ, ನಂದೇನ ಹೋಗತೈತಿ?”

ಪ್ಲಗ್ ಹಚ್ಚಿದ. ದೋಣಿಯ ದೀಪದ ಬಟನ್ ಒತ್ತಿದ. ದೀಪ ಹತ್ತಿತು, ಫ್ರಿಜ್ಜು ಗುರ್ ಎಂದಿತು. “ನೋಡು, ದಂಡಿ ಕರೆಂಟು!” ಎಂದು ಎದೆ ಉಬ್ಬಿಸಿದ.

ಇನ್ನು ಬ್ಯಾಟರಿಗಳ ಕಥೆ. ದೋಣಿಯಲ್ಲಿ ಎರಡು ಬ್ಯಾಟರಿ. ಒಂದರ ಕೆಲಸ ಎಂಜಿನ್ ಎಬ್ಬಿಸುವುದು, ಅಷ್ಟೇ. ಇನ್ನೊಂದರದು ದೀಪ, ಫ್ಯಾನು, ಫ್ರಿಜ್ಜು ಸಾಕುವುದು. ಎರಡನ್ನೂ ಬೇರೆ ಇಡಬಹುದು, ಕೂಡಿಸಲೂಬಹುದು. ಅದಕ್ಕೊಂದು ಕೆಂಪು ಗುಬುಟಿನ ಸ್ವಿಚ್ಚು.

“ಬ್ಯಾರೆ ಬ್ಯಾರೆ ಇಡ್ರಿ ಅಂತ ದೋಣಿ ಜೋಡಿ ಬಂದ ಪುಸ್ತಕದಾಗ ಬರದಾರಲ್ರೀ,” ಎಂದಳು ರಂಜನಾ.

“ಬರದಾಂವ ಯಾರು? ಹೆಂಡತಿ ಬಂದ ಮರುದಿನಾನ ಬ್ಯಾರೆ ಒಲಿ ಹೂಡಿದಾಂವ ಇರಬೇಕು! ನಮ್ಮ ಮನಿತನದಾಗ ನಾಕು ತಲಿಮಾರಿನಿಂದ ಪಾಲಾಗಿಲ್ಲ. ಹತ್ತೊಂಬತ್ತು ಮಂದಿ, ಒಂದ ಒಲಿ. ಬ್ಯಾಟರಿ ಎರಡ ಅದಾವು, ಅವಕ್ಕೇನು ಧಾಡಿ?”

ಗುಬುಟು ತಿರುವಿ ಎರಡನ್ನೂ ಕೂಡಿಸಿದ. ನಾಲ್ಕು ತಲೆಮಾರಿನ ಮರ್ಯಾದೆ ಕಾಪಾಡಿದ ತೃಪ್ತಿಯಿಂದ ಫ್ರಿಜ್ಜನ್ನು ಚಾಲೂ ಇಟ್ಟೇ ಊರಿಗೆ ಹೊರಟ.

ಭಾನುವಾರ ಬಂತು. ಪಾಂಡಪ್ಪನವರು ಇಸ್ತ್ರಿ ಮಾಡಿದ ಧೋತರ ಉಟ್ಟು, ಹೆಂಡತಿ ಬನಶಂಕರೆವ್ವನ ಜೊತೆ ಬಂದು ಕಾರಿನಿಂದ ಇಳಿದರು. ಇಳಿದವರು ದೋಣಿಯ ಕಡೆ ನೋಡಲಿಲ್ಲ. ಹೊಲದ ಬದುವಿನ ವಿದ್ಯುತ್ ಕಂಬದ ಕಡೆ ತಲೆ ಎತ್ತಿ ಬಹಳ ಹೊತ್ತು ನೋಡಿದರು.

“ಅಳಿಯಂದ್ರ, ಈ ಕಂಬದ ಮ್ಯಾಲೆ...”

“ಮಾವಾರ! ಮೂವತ್ತೆರಡು ವರ್ಷ ಕಂಬಾ ನೋಡೀರಿ. ಇವತ್ತೊಂದಿನ ಕಂಬದ ಮಾತು ಬ್ಯಾಡ. ಇದು ದೋಣಿ ಕರೆಂಟು, ನಿಮಗ ತಿಳಿಯೂದಿಲ್ಲ.”

“ಆತು,” ಎಂದು ಪಾಂಡಪ್ಪನವರು ಬಾಯಿ ಮುಚ್ಚಿಕೊಂಡು ದೋಣಿ ಹತ್ತಿದರು.

ಕೇಬಲ್ಲು ಬಿಚ್ಚಿ ಕೀಲಿ ತಿರುವಿದರೆ ಎಂಜಿನ್ ನರಳಿ ನರಳಿ ಎದ್ದಿತು. “ರೀ, ಈ ಮುಳ್ಳು ಕೆಂಪು ಗೀಟಿನ ಹಂತ್ಯಾಕ ಬಂದೈತಿ,” ಎಂದು ರಂಜನಾ ಬ್ಯಾಟರಿಯ ಮೀಟರ್ ತೋರಿಸಿದಳು. “ಅದು ಗೋವಾದ ಮುಳ್ಳು. ನಮ್ಮ ಹವಾಕ್ಕ ಇನ್ನೂ ಹೊಂದಿಲ್ಲ,” ಎಂದ ಸುನಿಲಕುಮಾರ.

ಹತ್ತು ನಿಮಿಷದಲ್ಲಿ ಹೊಳೆಯ ನಟ್ಟನಡುವೆ ಬಂದರು. ಲಂಗರು ಇಳಿಯಿತು, ಎಂಜಿನ್ ನಿಂತಿತು, ಪ್ರದರ್ಶನ ಶುರುವಾಯಿತು. ಎರಡು ಫ್ಯಾನು, ಟಿವಿ, ಮಟಮಟ ಮಧ್ಯಾಹ್ನದಲ್ಲಿ ಆರು ಬಣ್ಣದ ದೀಪ! ಸಾಲದ್ದಕ್ಕೆ ಮಿಕ್ಸರು.

“ಶೇಂಗಾ ಹಿಂಡಿ ಮನ್ಯಾಗ ಕುಟ್ಟಿ ತಂದೀನಪ,” ಎಂದರು ಬನಶಂಕರೆವ್ವ.

“ಇನ್ನೊಮ್ಮೆ ರುಬ್ಬೋಣ್ರಿ ಅತ್ತಿ! ಹೊಳಿ ನಡುವ ಮಿಕ್ಸರ್ ಸಪ್ಪಳ ಕೇಳಬೇಕು!”

ಹಿಂಡಿ ಎರಡನೇ ಸಲ ಹಿಂಡಿಯಾಯಿತು. ರೊಟ್ಟಿ, ಎಣ್ಣೆಗಾಯಿ, ಫ್ರಿಜ್ಜಿನ ತಣ್ಣನೆ ಮೊಸರು. ಊಟ ನಿಧಾನವಾಗಿ ಸಾಗಿತು, ತಾಸು ಹೋಯಿತು, ಎರಡು ತಾಸು ಹೋಯಿತು.

“ಮಾವಾರ, ಇಲ್ಲೆ ಎಲ್ಲ್ಯರ ಕಂಬ ಕಾಣತೈತೇನ್ರಿ?”

“ಇಲ್ಲ.”

“ಫ್ಯಾನು?”

“ತಿರಗತೈತಿ,” ಎಂದು ಪಾಂಡಪ್ಪನವರು ಒಪ್ಪಿಕೊಂಡರು. ಅವರ ಮುಖ ಸಡಿಲವಾಯಿತು. ಹೆಂಡತಿಯ ಕಡೆ ತಿರುಗಿ, “ಏನಂತಿ? ನಮ್ಮ ಮನಿಗೂ ಒಂದು...” ಎಂದರು.

ಹನ್ನೊಂದು ವರ್ಷ ಕಾದ ಮಾತು! ಸುನಿಲಕುಮಾರನ ಉಸಿರು ನಿಂತಿತು. ಫ್ಯಾನೂ ನಿಂತಿತು. ಟಿವಿ ಕಣ್ಣು ಮುಚ್ಚಿತು. ಪಾಂಡಪ್ಪನವರು ತೆರೆದ ಬಾಯಿಗೆ ಒಂದು ತುತ್ತು ರೊಟ್ಟಿ ಇಟ್ಟುಕೊಂಡು ಅಗಿಯತೊಡಗಿದರು.

ಸುನಿಲಕುಮಾರ ಕೀಲಿಗೆ ಹಾರಿದ. ಎಂಜಿನ್ ‘ಕಟ್’ ಎಂದಿತು. ಇನ್ನೊಮ್ಮೆ ತಿರುವಿದ, ಅದೂ ಅನ್ನಲಿಲ್ಲ.

“ಎಂಜಿನ್ನಿಗೆ ಬ್ಯಾರೆ ಬ್ಯಾಟರಿ ಇರತೈತಲ್ಲ?” ಎಂದರು ಮಾವ.

“ಅದನ್ನ ಒಟ್ಟು ಕುಟುಂಬದಾಗ ಸೇರಿಸ್ಯಾರಪ್ಪ,” ಎಂದಳು ರಂಜನಾ. “ಒಬ್ಬಾಂವ ಕುಂತು ಉಂಡಾನ, ಇಬ್ಬರೂ ದಿವಾಳಿ ಆಗ್ಯಾರ.”

“ಅದ್ಹೆಂಗ ಆಗತೈತಿ? ಶುಕ್ರವಾರದಿಂದ ದಂಡಿ ಕರೆಂಟು ಹಚ್ಚಿದ್ದೆ!”

“ನಾ ಅದನ್ನ ಹೇಳಾಕ ಬಂದಿದ್ದೆ,” ಎಂದರು ಪಾಂಡಪ್ಪನವರು ಕೈ ತೊಳೆಯುತ್ತ. “ಆ ಕಂಬದ ಮ್ಯಾಲೆ ಟ್ರಾನ್ಸ್‌ಫಾರ್ಮರ್ ಇಲ್ಲ. ಬಿಚ್ಚಿ ಒಯ್ದಾರ. ಬರೇ ಗುಬ್ಬಿ ಗೂಡೈತಿ. ಶುಕ್ರವಾರದಿಂದ ನಿಮ್ಮ ಫ್ರಿಜ್ಜು ಬ್ಯಾಟರೀನ ಉಂಡೈತಿ.”

ಮುಂದಿನ ಅರ್ಧ ತಾಸು ಸುನಿಲಕುಮಾರ ಸೀರೆಯ ಸೆರಗಿನಷ್ಟಗಲದ ಟವೆಲ್ಲು ಬೀಸಿ ಲಕ್ಷ್ಮಪ್ಪನನ್ನು ಕೂಗಿದ. ಲಕ್ಷ್ಮಪ್ಪ ಉಂಡು, ಎಲೆ ಅಡಿಕೆ ಹಾಕಿಕೊಂಡು, ಹರಗೋಲು ಹುಟ್ಟು ಹಾಕುತ್ತ ಬಂದು ದೋಣಿಗೆ ಹಗ್ಗ ಕಟ್ಟಿದ.

“ಲೇ ಲಕ್ಷ್ಮಪ್ಪ! ಕರೆಂಟ್ ಇಲ್ಲ ಅಂತ ಹೇಳಬಾರದೇನಲೇ?”

“ಟ್ರಾನ್ಸ್‌ಫಾರ್ಮರ್ ಸುಟ್ಟು ಎಂಟು ದಿನ ಆತ್ರಿ. ಬೆಳಿ ಕೊಯ್ದಾತು, ಯಾರಿಗೆ ಬೇಕಾಗೇತಿ ಅಂತ ಸುಮ್ನಿದ್ದೆ. ನೀವು ಪ್ಲಗ್ ಹಚ್ಚಲೇನು ಅಂದ್ರಿ, ಹಚ್ಚರಿ ಅಂದೆ. ಕರೆಂಟ್ ಐತೇನು ಅಂತ ಕೇಳಲೇ ಇಲ್ಲಲ್ರಿ?”

ಎಂಜಿನ್, ಫ್ರಿಜ್ಜು, ಟಿವಿ, ಬಣ್ಣದ ದೀಪಗಳ ಸಮೇತ ಆ ದೋಣಿ ಒಂದು ಹರಗೋಲಿನ ಹಿಂದೆ ತಲೆ ತಗ್ಗಿಸಿಕೊಂಡು ದಂಡೆ ಸೇರಿತು. ಸುನಿಲಕುಮಾರ ಕೆಸರಿಗೆ ಇಳಿದು ನಿಂತ. ಮಾವನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಪಾಂಡಪ್ಪನವರೇ ಹತ್ತಿರ ಬಂದರು. “ಅಳಿಯಂದ್ರ, ನಮ್ಮ ಮನಿಗೆ ಒಂದು ಬ್ಯಾಟರಿ ಬೇಕು.”

ಸುನಿಲಕುಮಾರನಿಗೆ ಕಿವಿ ನಂಬಲಾಗಲಿಲ್ಲ, ಕಣ್ಣು ತುಂಬಿ ಬಂತು. “ಖರೇನ ಮಾವಾರ? ನಾಳೆ ಮುಂಜಾನಿ ಹೊಸಾದು ತಂದು ಕೂಡಸ್ತೀನಿ!”

“ಹೊಸಾದು ಬ್ಯಾಡ. ಇವತ್ತು ಎರಡು ಸತ್ತಾವಲ್ಲ, ಅದರಾಗ ಒಂದು ಬೇಕು.”

“ಅದರಾಗ ಜೀವಾನ ಇಲ್ರಿ ಮಾವಾರ!”

“ಇರಬಾರದು. ಪಡಸಾಲ್ಯಾಗ ಇಡತೀನಿ. ನೀವು ಬಂದು ಬ್ಯಾಟರಿ ಪುರಾಣ ಸುರು ಮಾಡಿದಾಗ ನಾ ವಾದ ಮಾಡೂದಿಲ್ಲ, ಅದರ ಕಡೆ ಬರೇ ಬೊಟ್ಟು ಮಾಡತೀನಿ.”

ಅದನ್ನು ಹೊತ್ತು ಲಕ್ಷ್ಮೇಶ್ವರದ ಪಡಸಾಲೆಯಲ್ಲಿ ಇಳಿಸಿದವನು ಸುನಿಲಕುಮಾರನೇ. ಬನಶಂಕರೆವ್ವ ಅದರ ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದಾರೆ. ಈಗ ಅವನು ಅಲ್ಲಿಗೆ ಹೋದಾಗಲೆಲ್ಲ ಮಳೆಯ ಬಗ್ಗೆ, ಮಾವನ ಮೊಣಕಾಲು ನೋವಿನ ಬಗ್ಗೆ ಎರಡು ಮಾತು ಕೇಳಿ, ಚಹಾ ಕುಡಿದು ಏಳುತ್ತಾನೆ. ನೋಡಿದವರು ಯಾರಾದರೂ, “ಅಳಿಯನ ಬ್ಯಾಟರಿ ಹೆಂಗೈತ್ರಿ?” ಎಂದು ಕೇಳಿದರೆ ಪಾಂಡಪ್ಪನವರು ಗಂಭೀರವಾಗಿ ಹೇಳುತ್ತಾರೆ: “ಭಾಳ ಚಲೋ ಐತಿ. ಅದು ಬಂದಾಗಿಂದ ಅಳಿಯಂದ್ರು ಗಪ್ ಆಗ್ಯಾರ!”