ಉಪ್ಪು-ರೊಟ್ಟಿಯ ಸಾಮ್ರಾಜ್ಯ

ನಮ್ಮ ಕಾಕಾ ಹುಟ್ಟಿದ್ದು ಧಾರವಾಡದಲ್ಲಿ, ಮನೆ ಮಾಡಿರುವುದು ಪುಣೆಯ ವಿಮಾನ ನಗರದಲ್ಲಿ, ಬದುಕುತ್ತಿರುವುದು ಮಾತ್ರ ರಷ್ಯಾದಲ್ಲಿ! ಹಾಗಂತ ಎಂದಾದರೂ ಆ ದೇಶಕ್ಕೆ ಹೋಗಿದ್ದಾರೆಯೇ? ಛೇ, ಪಾಸ್‌ಪೋರ್ಟೇ ಇಲ್ಲ. ದಿನಕ್ಕೆ ನೂರು ವಿಮಾನ ತಲೆಯ ಮೇಲೆ ಹಾರಿದರೂ ಒಂದನ್ನೂ ಹತ್ತಿದವರಲ್ಲ.

ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಿಂದ ನಿವೃತ್ತರಾದ ವರ್ಷ, ಹಳೆಯ ಪೇಪರ್ ಹಾಕಲು ರದ್ದಿ ಅಂಗಡಿಗೆ ಹೋದವರು ರಷ್ಯಾದ ಇತಿಹಾಸದ ದಪ್ಪ ಪುಸ್ತಕವೊಂದನ್ನು ಹೊತ್ತು ತಂದರು. ಹೋದ ರದ್ದಿಗಿಂತ ಬಂದ ರದ್ದಿಯೇ ಭಾರ ಎಂದು ಅವರ ಹೆಂಡತಿ, ಅಂದರೆ ನಮ್ಮ ಕಾಕು, ಗೊಣಗಿದರು. ಪುಸ್ತಕದ ಕೊನೆಯ ಪುಟಗಳು ಹರಿದುಹೋಗಿದ್ದವು. ಹೀಗಾಗಿ ಕಾಕಾರ ರಷ್ಯಾದಲ್ಲಿ ಜಾರ್ ದೊರೆಗಳು ಇನ್ನೂ ಆಳುತ್ತಲೇ ಇದ್ದಾರೆ!

“ಆಮ್ಯಾಲೆ ಕ್ರಾಂತಿ ಆತಲ್ಲ ಕಾಕಾ?” ಎಂದು ಕೇಳಿ ನೋಡಿ.

“ಅದು ನನ್ನ ಪುಸ್ತಕದಾಗ ಇಲ್ಲಪಾ,” ಎನ್ನುತ್ತಾರೆ.

ದೊರೆಗಳ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ಉಚ್ಚಾರ ತಿದ್ದಲು ಕಾಕಾ ಫೋನ್ ಮಾಡುತ್ತಾರೆ. ಆ ಫೋನು ಒಂದು ತಾಸಿಗೆ ಮುಂಚೆ ಮುಗಿಯುವುದಿಲ್ಲ!

ಒಮ್ಮೆ ಅವರ ಅಪಾರ್ಟ್‌ಮೆಂಟ್ ಸೊಸೈಟಿಯಲ್ಲಿ ನೀರಿನ ಟ್ಯಾಂಕರ್ ಸಲುವಾಗಿ ಜಗಳ ಹತ್ತಿ, ಯಾರೂ ಯಾರ ಮಾತನ್ನೂ ಕೇಳದಂತಾಯಿತು. ಕಾಕಾ ಮೈಕ್ ಹಿಡಿದರು. ಸಾವಿರ ವರ್ಷಕ್ಕೂ ಹಿಂದೆ ರಷ್ಯಾದ ಕುಲಗಳೂ ಹೀಗೇ ಕಚ್ಚಾಡಿ ಸುಸ್ತಾಗಿ, ಬಂದು ನಮ್ಮನ್ನು ಆಳಿ ಎಂದು ಸಮುದ್ರದಾಚೆಯವರನ್ನು ಕರೆಸಿಕೊಂಡರಂತೆ. ಆದ್ದರಿಂದ ನಮ್ಮನ್ನು ಆಳಲು ನದಿಯಾಚೆಯ ಮಗರಪಟ್ಟಾದಿಂದ ಯಾರನ್ನಾದರೂ ಕರೆಸೋಣ, ಅಲ್ಲಿಯವರಿಗೆ ಶಿಸ್ತು ಗೊತ್ತು ಎಂದು ಮರಾಠಿಯಲ್ಲಿ ಅಪ್ಪಣೆ ಕೊಡಿಸಿದರು! ಆ ಸೊಸೈಟಿ ಅವತ್ತು ಮೊದಲ ಬಾರಿಗೆ ಒಮ್ಮತದ ನಿರ್ಣಯ ಮಾಡಿತು: ಇನ್ನು ಮುಂದೆ ಕಾಕಾರ ಕೈಗೆ ಮೈಕ್ ಕೊಡಬಾರದು.

ಕಾಕಾರ ಮಗಳ ಮದುವೆಯಾಗಿ ಹೊಸ ಬೀಗರು ಮೊದಲ ಸಲ ಬಂದಾಗಿನದು ಇನ್ನೂ ದೊಡ್ಡ ಕಥೆ. ರಷ್ಯಾದಲ್ಲಿ ಮನೆಗೆ ಬಂದವರನ್ನು ಬಾಗಿಲಲ್ಲೇ ರೊಟ್ಟಿ, ಉಪ್ಪು ಹಿಡಿದು ಸ್ವಾಗತಿಸುತ್ತಾರೆ. ಬಂದವರು ಒಂದು ಚೂರು ಮುರಿದು ಉಪ್ಪಿಗೆ ಹಚ್ಚಿ ತಿನ್ನಬೇಕು. ಕಾಕಾ ಕಾಕುವಿನ ಕಸೂತಿ ಬಟ್ಟೆ ಹಾಸಿದ ತಟ್ಟೆಯಲ್ಲಿ ಜೋಳದ ರೊಟ್ಟಿ, ಉಪ್ಪಿನ ಬಟ್ಟಲು ಇಟ್ಟುಕೊಂಡು ಗಂಭೀರವಾಗಿ ನಿಂತರು. ಅಷ್ಟರಲ್ಲಿ ಎದುರು ಮನೆಯ ಮರಾಠಿ ಆಜಿ ಬಾಗಿಲು ತೆರೆದರು. ಬಾಗಿಲಲ್ಲಿ ರೊಟ್ಟಿ-ಉಪ್ಪು ಕಂಡರೆ ಆಜಿಯ ಪಾಲಿಗೆ ಅರ್ಥ ಒಂದೇ, ದೃಷ್ಟಿ ತೆಗೆಯುವುದು! “ಥಾಂಬಾ, ಥಾಂಬಾ, ಮೀ ಓವಾಳತೆ!” ತಡೀರಿ, ನಾನು ನಿವಾಳಿಸುತ್ತೇನೆ ಎನ್ನುತ್ತಾ ರೊಟ್ಟಿಯನ್ನು ಕಸಿದು, ಬೀಗರಿಗೆ ಮೂರು ಸುತ್ತು ನಿವಾಳಿಸಿ, ಕಿಟಕಿಯಿಂದಾಚೆ ಎಸೆದೇಬಿಟ್ಟರು. ಬೀಗರು ಭಕ್ತಿಯಿಂದ ಕೈಮುಗಿದರು. ಕೆಳಗಿದ್ದ ನಾಯಿ ತಿಂದಿತು. ರಷ್ಯಾದ ಮಾನ ಕಳೆದರೆಂದು ಕಾಕಾ ಆಜಿಯ ಜೊತೆ ಎರಡು ತಿಂಗಳು ಮಾತು ಬಿಟ್ಟರು.

ಊರಿಗೆ ಹೊರಡುವಾಗಲೂ ಅದೇ ಗೋಳು. ಪ್ರಯಾಣಕ್ಕೆ ಮುಂಚೆ ರಷ್ಯಾದವರು ಒಂದು ನಿಮಿಷ ಮಾತಿಲ್ಲದೆ ಕೂರುತ್ತಾರಂತೆ. ಹಾಗೆ ಕೂತು ಹೋದವರು ಸುಖವಾಗಿ ಮರಳಿ ಬರುತ್ತಾರಂತೆ. ಕೆಳಗೆ ರಿಕ್ಷಾದವನು ಹಾರ್ನ್ ಹೊಡೆಯುತ್ತಿದ್ದರೂ ಕಾಕಾ ಎಲ್ಲರನ್ನೂ ಬ್ಯಾಗುಗಳ ಮೇಲೆ ಕೂರಿಸಿ ಕಣ್ಣು ಮುಚ್ಚುತ್ತಾರೆ. ಅವರು “ಏಳ್ರಿ” ಎನ್ನುವ ತನಕ ಯಾರೂ ಏಳುವಂತಿಲ್ಲ. ಹೀಗೆ ಧಾರವಾಡದ ರೈಲು ಎರಡು ಸಲ ತಪ್ಪಿದೆ.

“ಮರಳಿ ಬರಬೇಕಂದ್ರ ಮದಲ ಹೋಗಬೇಕಲ್ರೀ!” ಎಂದು ಕಾಕು ಹಣೆ ಬಡಿದುಕೊಂಡಿದ್ದರು.

ಹೋದ ಚಳಿಗಾಲದಲ್ಲಿ ಕಾಕುವಿನ ಹೃದಯಕ್ಕೆ ಆಪರೇಶನ್ ಆಗಲೇಬೇಕು ಎಂದರು ಡಾಕ್ಟರು. ಕಾಕಾ ಪುಸ್ತಕ ಮುಟ್ಟುವುದನ್ನು ಬಿಟ್ಟರು. ಆಸ್ಪತ್ರೆಗೆ ಹೊರಡುವ ದಿನ ನಾನು ಕಾರು ತಂದಾಗ, ರಿಪೋರ್ಟಿನ ಫೈಲನ್ನು ಎದೆಗೆ ಅವಚಿಕೊಂಡು “ನಡೀರಿ, ನಡೀರಿ” ಎಂದು ಆಗಲೇ ಚಪ್ಪಲಿ ಮೆಟ್ಟಿದ್ದರು. ಕಾಕು ಮಾತ್ರ ಬ್ಯಾಗಿನ ಮೇಲೆ ಕೂತುಬಿಟ್ಟರು.

“ಏನ್ರೀ, ನಾ ಮರಳಿ ಬರೂದು ಬ್ಯಾಡೇನು ನಿಮಗ? ಕೂಡ್ರಿ.”

ಕಾಕಾ ಕೂತರು. ನಾನೂ ಕೂತೆ. ಒಂದು ನಿಮಿಷವಾಯಿತು, ಎರಡಾಯಿತು, ಐದಾಯಿತು. “ಏಳ್ರಿ” ಎನ್ನಬೇಕಾದ ಕಾಕಾ ಫೈಲಿನ ದಾರವನ್ನು ಬಿಚ್ಚಿ ಕಟ್ಟುತ್ತಲೇ ಇದ್ದರು. ಕೊನೆಗೆ ಕಾಕುವೇ ಅವರ ಮೊಣಕಾಲು ತಟ್ಟಿ, “ಏಳ್ರಿ. ಹೋಗಿ ಬರ್ತೀನಿ,” ಎಂದರು. ನಾನು ಕಾರಿನ ಕೀಲಿ ಹುಡುಕುವ ನೆಪದಲ್ಲಿ ಮುಖ ತಿರುಗಿಸಿಕೊಂಡೆ.

ಹನ್ನೆರಡನೆಯ ದಿನ ಕಾಕು ನನ್ನ ಜೊತೆ ಮನೆಗೆ ಬಂದರು. ಲಿಫ್ಟ್ ತೆರೆದರೆ ಬಾಗಿಲಲ್ಲಿ ಕಾಕಾ! ಅದೇ ಕಸೂತಿ ಬಟ್ಟೆ, ಅದೇ ತಟ್ಟೆ, ತಾವೇ ಬಡಿದು ಅಂಚೆಲ್ಲ ಸುಟ್ಟ ರೊಟ್ಟಿ. ಎದುರು ಮನೆಯ ಆಜಿಯೂ ಬಾಗಿಲು ತೆರೆದರು. ಹಳೆಯದು ನೆನಪಾಗಿ ಹೊಸ್ತಿಲಲ್ಲೇ ನಿಂತರು.

“ಆಜಿ, ಆಧೀ ತುಮ್ಹೀ ಓವಾಳಾ,” ಎಂದರು ಕಾಕಾ. ಮೊದಲು ನೀವು ನಿವಾಳಿಸಿ ಎಂದು ರಷ್ಯಾದ ಆ ಮಹಾಪಂಡಿತರು ತಾವಾಗಿಯೇ ಬೇಡುತ್ತಿದ್ದರು. ಆಗ ನೋಡಿದೆ, ತಟ್ಟೆಯಲ್ಲಿ ಎರಡು ರೊಟ್ಟಿ ಇದ್ದವು.

ಆಜಿ ಒಂದನ್ನು ನಿವಾಳಿಸಿ ಎಸೆದರು. ಕಾಕು ಇನ್ನೊಂದರಿಂದ ಚೂರು ಮುರಿದರು.

“ಡಾಕ್ಟರು ಉಪ್ಪು ಕಡಿಮಿ ತಿನ್ನು ಅಂದಾರ್ರೀ,” ಎನ್ನುತ್ತಾ ಬಟ್ಟಲಿಗೆ ಬಗ್ಗಿ ನೋಡಿದರು.

ಬಟ್ಟಲಲ್ಲಿ ಒಂದೇ ಒಂದು ಹರಳು ಉಪ್ಪಿತ್ತು.