ಒಂದೇ ಬೆರಳಿಗೆ ತೆರೆಯುವ ಲ್ಯಾಪ್‌ಟಾಪ್

ದುಬಾರಿ ವಸ್ತು ಕೊಂಡವರ ನೆನಪನ್ನು ನಂಬಬಾರದು ಎಂಬುದು ಐವತ್ತೆರಡು ವರ್ಷ ಬದುಕಿ ನಾನು ಕಂಡುಕೊಂಡ ಒಂದೆರಡು ಸತ್ಯಗಳಲ್ಲಿ ಒಂದು. ಅಗ್ಗದ್ದನ್ನು ಕೊಳ್ಳುವವನು ಕೊಳ್ಳುವ ಮೊದಲು ಕಾರಣ ಹುಡುಕುತ್ತಾನೆ. ದುಬಾರಿಯದ್ದನ್ನು ಕೊಳ್ಳುವವನು ಕೊಂಡ ಮೇಲೆ ಹುಡುಕುತ್ತಾನೆ. ಸಿಕ್ಕಿದ ಕಾರಣಗಳೆಲ್ಲ ಮೊದಲೇ ತನ್ನಲ್ಲಿದ್ದವು ಎಂದು ತನ್ನ ಮನಸ್ಸಿನಿಂದಲೇ ಸುಳ್ಳು ಸಾಕ್ಷಿ ಹೇಳಿಸುತ್ತಾನೆ. ಹಾಗಾಗಿ ಈ ಲ್ಯಾಪ್‌ಟಾಪಿನ ಸಂಗತಿಯನ್ನು ಓದುವಾಗ ನೀವು ಸ್ವಲ್ಪ ಜಾಗ್ರತೆಯಿಂದಿರಬೇಕು. ನನಗೆ ನೆನಪಿರುವುದು ಒಂದು, ನನ್ನ ತಂಗಿ ವನಜಳಿಗೆ ನೆನಪಿರುವುದು ಇನ್ನೊಂದು. ಅವಳ ಮಗಳು ಪ್ರತೀಕ್ಷಾಳ ಬಳಿ ನೆನಪಿನ ಬದಲು ವಾಟ್ಸಾಪಿನ ದಾಖಲೆಯೇ ಇದೆ. ಮೂವರೂ ಮಾತಾಡುತ್ತಿರುವುದು ಒಂದೇ ಲ್ಯಾಪ್‌ಟಾಪಿನ ಬಗ್ಗೆ ಎನ್ನುವುದಷ್ಟೇ ಖಚಿತ.

ನನ್ನದು ಬಿ.ಸಿ. ರೋಡಿನಲ್ಲಿ ಆಮಂತ್ರಣ ಪತ್ರಿಕೆ ಮಾಡಿಕೊಡುವ ಸಣ್ಣ ಅಂಗಡಿ. ಮದುವೆ, ಗೃಹಪ್ರವೇಶ, ದೈವದ ನೇಮ, ಉತ್ತರಕ್ರಿಯೆ, ಯಾವುದಾದರೂ ಸರಿ. ನನ್ನ ಕಂಪ್ಯೂಟರ್ ಬಿಡಿಭಾಗ ಜೋಡಿಸಿ ಮಾಡಿಸಿದ್ದು. ಬಿಸಿಯಾಗುತ್ತದೆಂದು ಅದರ ಒಂದು ಬದಿಯ ತಗಡನ್ನು ಬಿಚ್ಚಿಟ್ಟು ಹನ್ನೊಂದು ವರ್ಷವಾಯಿತು. ಎದುರಿಗೊಂದು ಟೇಬಲ್ ಫ್ಯಾನ್ ಇದೆ, ಅದು ತಿರುಗುವುದು ನನಗಾಗಿ ಅಲ್ಲ. ಆದರೆ ದಿನವಿಡೀ ಕಂಪ್ಯೂಟರಿನ ಎದುರು ಕೂರುವವನಿಗೆ ಕಂಪ್ಯೂಟರ್ ಗೊತ್ತಿರುತ್ತದೆ ಎಂದು ಜನ ನಂಬುತ್ತಾರೆ. ದಿನವೂ ಬಸ್ಸಿನ ಕಿಟಕಿಯ ಬದಿ ಕೂರುವವನಿಗೆ ಬಸ್ಸು ಬಿಡಲು ಬರುತ್ತದೆ ಎಂದು ಯಾರೂ ನಂಬುವುದಿಲ್ಲ, ಯಾಕೋ.

ಇದರ ಮೇಲೆ ನಾನು ಸೋದರಮಾವ. ತುಳುವಿನಲ್ಲಿ ತಮ್ಮಲೆ ಎನ್ನುತ್ತೇವೆ. ನಮ್ಮ ಕಡೆ ಹಿಂದೆ ಮನೆಯ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಬರುತ್ತಿತ್ತು. ತಂಗಿಯ ಮಕ್ಕಳ ಓದು, ಮದುವೆ, ಜಗಳ ಎಲ್ಲವೂ ತಮ್ಮಲೆಯ ಮಾತಿನ ಮೇಲೆ ನಿಲ್ಲುತ್ತಿತ್ತು. ಈಗ ಆ ಆಸ್ತಿಯೂ ಇಲ್ಲ, ಆ ಅಧಿಕಾರವೂ ಇಲ್ಲ. ಕೇಳುವ ಶಾಸ್ತ್ರವೊಂದು ಉಳಿದುಕೊಂಡಿದೆ. ಕೇಳುವವರು ಶಾಸ್ತ್ರಕ್ಕೆ ಕೇಳುತ್ತಾರೆ. ಹೇಳುವವನು ಮಾತ್ರ ಅದನ್ನು ಶಾಸ್ತ್ರವೆಂದು ತಿಳಿಯುವುದಿಲ್ಲ. ಪ್ರತೀಕ್ಷಾಳಿಗೆ ಮೂಡುಬಿದಿರೆಯ ಕಾಲೇಜೊಂದರಲ್ಲಿ ಆನಿಮೇಷನ್ ಕಲಿಯಲು ಸೀಟು ಸಿಕ್ಕಿತು, ತರಗತಿ ಶುರುವಾಗುವ ಮೊದಲು ಲ್ಯಾಪ್‌ಟಾಪ್ ಬೇಕು ಎಂದಾಯಿತು. ಮಡಂತ್ಯಾರಿನಲ್ಲಿ ಬಟ್ಟೆ ಹೊಲಿಯುವ ವನಜ ಫೋನು ಮಾಡಿ, "ಅಣ್ಣ, ಯಾವುದು ತೆಗೆಯುದು ಅಂತ ನೀನೇ ಹೇಳ್ಬೇಕು" ಎಂದಳು. ಮಸ್ಕತ್ತಿನ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವ ಅವಳ ಗಂಡ ಅಲ್ಲಿಂದಲೇ, "ಭಾವ ಹೇಳಿದ ಮೇಲೆ ಆಯ್ತಲ್ಲ" ಎಂದನು. ಹಣ ಅವರಿಬ್ಬರದು. ಅಭಿಪ್ರಾಯ ನನ್ನದು.

ನಾನು ಬೇಜವಾಬ್ದಾರಿ ಮನುಷ್ಯನಲ್ಲ. ಮೊದಲು ಬೆಳ್ತಂಗಡಿಗೆ ಹೋಗಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ರೋನಿಯನ್ನು ವಿಚಾರಿಸಿದೆ. ಎಲ್ಲರೂ ಹೆಸರು ಹೇಳುವಾಗ ದನಿ ತಗ್ಗಿಸುವ ಒಂದು ಕಂಪನಿಯಿದೆಯಲ್ಲ, ಅದರ ಬಗ್ಗೆ ಕೇಳಿದೆ. ಅವನ ಲ್ಯಾಪ್‌ಟಾಪ್‌ಗಳು ಆಪರೇಷನ್ ಆಗುತ್ತಿರುವ ಮೀನುಗಳಂತೆ ಮೇಜಿನ ತುಂಬ ಹೊಟ್ಟೆ ಬಿಚ್ಚಿ ಮಲಗಿದ್ದವು.

"ಮಾರಾಯ್ರೆ, ಆ ಕಂಪನಿಯದ್ದು ನನ್ನ ಹತ್ರ ವರ್ಷಕ್ಕೆ ಒಂದೋ ಎರಡೋ ಬರ್ತದೆ. ಬೇರೆಯದ್ದು ವಾರಕ್ಕೆ ಹತ್ತು ಬರ್ತದೆ" ಎಂದನು.

"ಹಾಗಾದ್ರೆ ಅದು ಒಳ್ಳೆಯದೇ ಅಲ್ವಾ?"

"ಹಾಗೆ ಹೇಳ್ಲಿಕ್ಕೆ ಆಗುದಿಲ್ಲ. ಈ ಊರಲ್ಲಿ ಇರುದೇ ಒಂದೋ ಎರಡೋ."

ಈ ಉತ್ತರವನ್ನು ನಾನು ಬಸ್ಸಿನಲ್ಲಿ ಬರುವಾಗ ತುಂಬ ಯೋಚಿಸಿದೆ. ನಮ್ಮ ಅನುಭವ ಎನ್ನುವುದೆಲ್ಲ ಸುಮಾರಾಗಿ ಇಷ್ಟೇ ಗಟ್ಟಿಯಾದದ್ದು. ಹುಡುಗಿಗೆ ಯಾವ ಕೆಲಸಕ್ಕೆ ಬೇಕೆಂದು ಮೊದಲು ಕೇಳಿ ಎಂದು ತಾನು ಅವತ್ತೇ ಹೇಳಿದ್ದೆನೆಂದು ರೋನಿ ಈಗ ಹೇಳುತ್ತಾನೆ. ನನ್ನ ನೆನಪಿನಲ್ಲಿ ಅವನು ಆ ಹೊತ್ತಿಗೆ ಸ್ಕ್ರೂ ಹುಡುಕುತ್ತ ಮೇಜಿನಡಿ ಬಗ್ಗಿದ್ದಾನೆ. ಮೇಜಿನಡಿಯಿಂದ ಹೇಳಿದ್ದರೂ ಹೇಳಿರಬಹುದು.

ಆಮೇಲೆ ನಾನು, ವನಜ, ಪ್ರತೀಕ್ಷಾ ಮೂವರೂ ಮೂಡುಬಿದಿರೆಯ ಅಂಗಡಿಗೆ ಹೋದೆವು. ಅಲ್ಲಿನ ಮಾರಾಟದವನು ಹೆಚ್ಚು ಮಾತಾಡಲಿಲ್ಲ. ಆ ದುಬಾರಿ ಯಂತ್ರವನ್ನು ನನ್ನ ಮುಂದಿಟ್ಟು, "ಸರ್, ಒಂದೇ ಬೆರಳಲ್ಲಿ ತೆರೀರಿ" ಎಂದನಷ್ಟೆ. ತೆರೆದೆ. ಮುಚ್ಚಳ ಮೇಲೆದ್ದಿತು, ಕೆಳಗಿನ ಭಾಗ ಅಲುಗಲಿಲ್ಲ. ಪಕ್ಕದಲ್ಲಿದ್ದ ಕಪ್ಪು, ದಪ್ಪ, ಅರ್ಧ ಬೆಲೆಯ ಯಂತ್ರವನ್ನು ಹಾಗೆಯೇ ತೆರೆಯಲು ಹೋದರೆ ಇಡೀ ಯಂತ್ರವೇ ಎದ್ದು ಬಂತು. ಎಡಗೈಯಲ್ಲಿ ಅದರ ಬುಡವನ್ನು ಒತ್ತಿ ಹಿಡಿಯಬೇಕಾಯಿತು. ನೀವು ನಗಬಹುದು, ಆದರೆ ನನ್ನೊಳಗೆ ಏನೋ ಆಯಿತು. ಯಾರೋ ಒಬ್ಬ ಮನುಷ್ಯ ಎಲ್ಲೋ ಕುಳಿತು ನನ್ನ ಎಡಗೈಗೆ ಕೆಲಸವಿಲ್ಲದಂತೆ ಮಾಡಲು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದಾನೆ. ನನ್ನ ಎಡಗೈಯ ಬಗ್ಗೆ ಈ ತನಕ ಯಾರೂ ಯೋಚಿಸಿದವರಿಲ್ಲ. ನನ್ನ ಅಂಗಡಿಯ ಶಟರ್ ಎತ್ತಲು ಎರಡು ಕೈ ಮತ್ತು ಒಂದು ಮೊಣಕಾಲು ಬೇಕು. ಹೆಚ್ಚಿನ ಬೆಲೆ ಕೊಡುವುದು ಯಾವುದಕ್ಕೆ ಎಂದು ಕೇಳುವವರಿಗೆ ಪ್ರಾಮಾಣಿಕ ಉತ್ತರ ಇದೇ ಇರಬೇಕೆಂದು ನನಗೆ ಈಗಲೂ ಅನಿಸುತ್ತದೆ. ವೇಗಕ್ಕಲ್ಲ, ಬಾಳಿಕೆಗಲ್ಲ. ಗುರುತು ಪರಿಚಯವಿಲ್ಲದವನೊಬ್ಬ ನಮ್ಮನ್ನು ಮರ್ಯಾದೆಯಿಂದ ನಡೆಸಿಕೊಂಡ ಎನ್ನುವುದಕ್ಕೆ.

"ಮಾಮ, ನನಗೆ ಆ ಕಪ್ಪಿದ್ದೇ ಸಾಕು. ಸೀನಿಯರ್ಸೆಲ್ಲ ಅದನ್ನೇ ಹೇಳಿದ್ದು" ಎಂದಳು ಪ್ರತೀಕ್ಷಾ. ಅವಳು ಸಣ್ಣ ದನಿಯಲ್ಲಿ ಒಂದು ಸಲ ಹೇಳಿದಳೆಂದು ನನ್ನ ನೆನಪು. ಮೂರು ಸಲ ಹೇಳಿದೆ, ದೊಡ್ಡದಾಗಿಯೇ ಹೇಳಿದೆ ಎಂದು ಅವಳ ವಾದ. ನಾನು ಕೊಟ್ಟ ಉತ್ತರದ ಬಗ್ಗೆ ಮಾತ್ರ ನಮ್ಮಲ್ಲಿ ಭಿನ್ನಾಭಿಪ್ರಾಯವಿಲ್ಲ: "ಸೀನಿಯರ್ಸಿಗೆ ತಮ್ಮಲೆ ಇರ್ಲಿಕ್ಕಿಲ್ಲ." ವನಜ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು, ಕಾರ್ಡು ತೆಗೆದು ಕೊಟ್ಟಳು.

ಲ್ಯಾಪ್‌ಟಾಪ್ ಮಡಂತ್ಯಾರಿಗೆ ಬಂತು. ಅಕ್ಕಪಕ್ಕದವರು ಬಂದು ನೋಡಿದರು. ನಾನು ಅವರಿಗೆಲ್ಲ ಒಂದು ಬೆರಳಲ್ಲಿ ತೆರೆದು ತೋರಿಸಿದೆ. ವನಜ ರವಿಕೆಯ ಲೈನಿಂಗ್ ಬಟ್ಟೆ ಮತ್ತು ಸ್ಪಂಜು ಸೇರಿಸಿ ಅದಕ್ಕೊಂದು ಕವರು ಹೊಲಿದಳು, ಅಂಚಿಗೆ ಕೆಂಪು ಪೈಪಿಂಗ್ ಬೇರೆ ಕೊಟ್ಟಳು. ಹಾಸ್ಟೆಲಿಗೆ ಕಳಿಸುವುದು ಬೇಡ, ಕಳವಾದರೆ ಕಷ್ಟ ಎಂದಳು. ಪ್ರತೀಕ್ಷಾ ಕೂಡ, "ಕಾಲೇಜಿನ ಲ್ಯಾಬಲ್ಲಿ ಕಂಪ್ಯೂಟರ್ ಉಂಟು ಮಾಮ" ಎಂದಳು. ಎಷ್ಟು ತಿಳಿವಳಿಕೆಯ ಹುಡುಗಿ ಎಂದುಕೊಂಡೆ. ಆಟಿ ತಿಂಗಳ ಮಳೆಯಲ್ಲಿ ಒಂದು ದಿನ ತಂಗಿಯ ಮನೆಗೆ ಹೋದಾಗ ಲ್ಯಾಪ್‌ಟಾಪ್ ಎಲ್ಲಿ ಎಂದು ಕೇಳಿದೆ. ಅವಳು ಅಡುಗೆಮನೆಯ ಮೂಲೆಯಲ್ಲಿದ್ದ ಕುಚ್ಚಲಕ್ಕಿಯ ಡ್ರಮ್ಮನ್ನು ತೋರಿಸಿದಳು.

"ಅಕ್ಕಿಯ ಒಳಗಾ?"

"ಮೊಬೈಲು ನೀರಿಗೆ ಬಿದ್ರೆ ಅಕ್ಕಿಯಲ್ಲಿ ಇಡ್ತಾರಲ್ಲ ಅಣ್ಣ? ನಾನು ಬೀಳುವ ಮೊದಲೇ ಇಟ್ಟಿದ್ದೇನೆ. ಅಷ್ಟೇ."

ನಾನು ಈ ಕತೆಯನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿ ನಗಿಸಿದೆ. ಉತ್ತರಕ್ರಿಯೆಯ ಕಾಗದ ಮಾಡಿಸಲು ಬಂದವರೂ ನಕ್ಕರು. ದುಬಾರಿ ವಸ್ತುವಿಗೆ ಅದರ ಬೆಲೆಯೇ ಶತ್ರು, ಅದರ ಹತ್ತಿರ ಚಹಾದ ಲೋಟ ಇಡುವಂತಿಲ್ಲ, ಮುಟ್ಟಲು ಕೈ ತೊಳೆದಿರಬೇಕು, ಕೊನೆಗೆ ಮುಟ್ಟದಿರುವುದೇ ಕ್ಷೇಮ ಎಂದಾಗುತ್ತದೆ ಎಂದು ತತ್ತ್ವವನ್ನೂ ಸೇರಿಸಿದೆ. ಹಳ್ಳಿಮುಗ್ಧತೆ ಎಂಬ ಮಾತನ್ನೂ ಬಳಸಿದೆ, ನಾಚಿಕೆಯಾಗುತ್ತದೆ. ತಾನೇ ಒಂದು ಸಣ್ಣ ಪೇಟೆಯಾದ ಬಿ.ಸಿ. ರೋಡಿನಲ್ಲಿ ಕುಳಿತು ಮಡಂತ್ಯಾರನ್ನು ಹಳ್ಳಿ ಎನ್ನಲು ಎಷ್ಟು ಧೈರ್ಯ ಬೇಕೆಂದು ಈ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು.

ಲ್ಯಾಪ್‌ಟಾಪ್ ಕೊಂಡು ನಾಲ್ಕು ತಿಂಗಳ ಮೇಲೆ, ಒಂದು ಶುಕ್ರವಾರ ಬೆಳಿಗ್ಗೆ ಪ್ರತೀಕ್ಷಾಳ ಫೋನು ಬಂತು. "ಮಾಮ, ಸೋಮವಾರ ನಮ್ಮ ಸಬ್‌ಮಿಷನ್. ಒಂದು ನಿಮಿಷದ ಚಿತ್ರ ಮಾಡಿ ಕೊಡ್ಬೇಕು. ಕೊಡದಿದ್ರೆ ಆ ವಿಷಯದಲ್ಲಿ ನಾನು ಫೇಲು. ಮನೆಯಿಂದ ಲ್ಯಾಪ್‌ಟಾಪ್ ತರ್ತೀರಾ?" ನನಗೆ ಆದ ಸಂತೋಷ ಹೇಳತೀರದು. ಕೊನೆಗೂ ಅದರ ಕಾಲ ಬಂದಿತ್ತು. ಶಟರ್ ಎಳೆದು ಮಡಂತ್ಯಾರಿಗೆ ಹೋದೆ. ವನಜ ಪಕ್ಕದ ಮನೆಗೆ ಅಳತೆ ತೆಗೆಯಲು ಹೋಗಿದ್ದಳು; ನಾನೇ ಡ್ರಮ್ಮಿಗೆ ಮೊಣಕೈ ತನಕ ಕೈ ಹಾಕಿ ಲ್ಯಾಪ್‌ಟಾಪನ್ನು ಹೊರಗೆಳೆದೆ. ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ, ಅದನ್ನು ಮಡಿಲಲ್ಲಿಟ್ಟುಕೊಂಡೇ ಮೂಡುಬಿದಿರೆಗೆ ಹೋದೆ.

ಹಾಸ್ಟೆಲಿನ ಸಂದರ್ಶಕರ ಕೋಣೆಯಲ್ಲಿ ಅದನ್ನು ತೆರೆದಾಗ ಸಂದಿನಿಂದ ನಾಲ್ಕು ಅಕ್ಕಿಕಾಳು ಉದುರಿದವು ಎಂದು ಇಲ್ಲಿ ಬರೆಯಲು ಆಸೆಯಾಗುತ್ತದೆ. ನಿಜ ಹೇಳಬೇಕೆಂದರೆ, ನನ್ನ ಕಣ್ಣಿಗೆ ಆ ಕಾಳುಗಳು ಈಗಲೂ ಕಾಣುತ್ತವೆ. ಒಂದೂ ಉದುರಲಿಲ್ಲ ಎನ್ನುತ್ತಾಳೆ ಪ್ರತೀಕ್ಷಾ. ಕವರಿನ ಒಳಗೆ ಎರಡು ಪದರ ಪ್ಲಾಸ್ಟಿಕ್ ಇತ್ತಂತೆ, ಅಂಟುಪಟ್ಟಿ ಹಚ್ಚಿತ್ತಂತೆ. ಯಂತ್ರವಂತೂ ನಿನ್ನೆ ತಂದದ್ದರಂತೆ ಹೊಳೆಯುತ್ತ ಎದ್ದು ಕೂತಿತು. "ನೋಡು, ಇದು ಕಂಪನಿ ಅಂದ್ರೆ" ಎಂದೆ.

ಅವಳು ಯಂತ್ರವನ್ನು ನನ್ನ ಕಡೆ ತಿರುಗಿಸಿದಳು. "ಮಾಮ, ನಮಗೆ ಕಲಿಸುವ ಸಾಫ್ಟ್‌ವೇರ್ ಇದರಲ್ಲಿ ಕೂರುದಿಲ್ಲ."

"ಅಪ್‌ಡೇಟ್ ಮಾಡಿದ್ರೆ?"

"ಈ ಕಂಪನಿಯ ಯಂತ್ರಕ್ಕೆ ಅದನ್ನು ಮಾಡಿದ್ದೇ ಇಲ್ಲ."

ಲ್ಯಾಬು ಸಂಜೆ ನಾಲ್ಕೂವರೆಗೆ ಮುಚ್ಚುತ್ತದೆ. ಉಳಿದ ಹೊತ್ತು ಅವಳು ಕೋಣೆಯ ಗೆಳತಿ ಸಫಾಳ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದಳು, ಸಫಾ ಊಟಕ್ಕೆ ಹೋದಾಗ, ಬಟ್ಟೆ ಒಗೆಯಲು ಹೋದಾಗ, ಊರಿಗೆ ಫೋನು ಮಾಡುವಾಗ. ಆ ಮಗು ಇವಳಿಗೋಸ್ಕರ ಊರಿಗೆ ಉದ್ದುದ್ದ ಫೋನು ಮಾಡುತ್ತಿತ್ತಂತೆ. ಈಗ ಇಬ್ಬರೂ ಸೋಮವಾರವೇ ಕೊಡಬೇಕು, ಲ್ಯಾಪ್‌ಟಾಪ್ ಒಂದೇ. ಪ್ರತೀಕ್ಷಾಳ ಚಿತ್ರ ಅರ್ಧಕ್ಕೆ ನಿಂತಿತ್ತು.

"ನಾಲ್ಕು ತಿಂಗಳು ಹೇಳ್ಲಿಲ್ಲ ಯಾಕೆ ನೀನು?" ಎಂದೆ. ದನಿ ಸ್ವಲ್ಪ ಏರಿತ್ತು. ಅವಳು ಫೋನಿನಲ್ಲಿ ಏನೋ ಮೇಲಕ್ಕೆ ತಳ್ಳುತ್ತ ಹೋಗಿ, ನಿಲ್ಲಿಸಿ, ನನಗೆ ತೋರಿಸಿದಳು. ಲ್ಯಾಪ್‌ಟಾಪ್ ಕೊಳ್ಳುವ ಹಿಂದಿನ ದಿನ ನನಗೆ ಕಳಿಸಿದ ಸಂದೇಶ. ಯಾವ ಸಾಫ್ಟ್‌ವೇರ್, ಅದಕ್ಕೆ ಯಾವ ಯಂತ್ರ ಬೇಕು, ಯಾವುದು ಆಗುವುದಿಲ್ಲ, ಎಲ್ಲ ಬರೆದಿತ್ತು. ಓದಿದ್ದೇನೆ ಎನ್ನುವ ಎರಡು ನೀಲಿ ಗೆರೆ ಇತ್ತು. ಕೆಳಗೆ ನನ್ನ ಉತ್ತರ: ಒಂದು ಹೆಬ್ಬೆರಳು. ಅದನ್ನು ಓದಿದ ನೆನಪು ನನಗೆ ಎಳ್ಳಷ್ಟೂ ಇಲ್ಲ. ಆದರೆ ಹೆಬ್ಬೆರಳು ನನ್ನದೇ.

"ಈಗ ಏನು ಮಾಡುವ?" ಎಂದು ಕೇಳಿದೆ. ಆ ಮನೆಯ ಮಕ್ಕಳ ಹತ್ತಿರ ನಾನು ಹಾಗೆ ಕೇಳಿದ್ದು ಅದೇ ಮೊದಲು.

"ಇದನ್ನು ಕೊಟ್ಟು ಆ ಕಪ್ಪಿದ್ದು ತೆಗೆಯುವ ಮಾಮ. ಇವತ್ತೇ."

ಇಬ್ಬರೂ ಬೆಳ್ತಂಗಡಿಯ ಬಸ್ಸು ಹತ್ತಿದೆವು. ರೋನಿ ಯಂತ್ರವನ್ನು ತಿರುಗಿಸಿ ನೋಡಿ, "ಇದು ಉಪಯೋಗಿಸಿದ್ದೇ ಅಲ್ಲ ಅಲ್ವಾ? ಈ ಕಂಪನಿಯದ್ದಕ್ಕೆ ಗಿರಾಕಿ ಕಾಯ್ತಾ ಇರ್ತಾರೆ" ಎಂದು ನಾವು ಕೊಟ್ಟದ್ದಕ್ಕಿಂತ ಸ್ವಲ್ಪವೇ ಕಡಿಮೆ ಬೆಲೆ ಹೇಳಿದನು. ಅದರಲ್ಲಿ ಅಲ್ಲೇ ಪಕ್ಕದ ಅಂಗಡಿಯಿಂದ ಅಂಥದ್ದೇ ಕಪ್ಪು ಯಂತ್ರ ಬಂತು, ಇನ್ನೂ ಹಣ ಉಳಿಯಿತು. ಹಾಗಾದರೆ ಆ ಹೆಚ್ಚಿನ ಬೆಲೆ ನ್ಯಾಯವೋ ಅಲ್ಲವೋ? ಕೊಳ್ಳುವಾಗ ಅದು ಬೆಲೆಯುಳ್ಳದ್ದು, ಮಾರುವಾಗಲೂ ಬೆಲೆಯುಳ್ಳದ್ದು, ನಡುವೆ ಒಂದು ಕೆಲಸ ಬಿದ್ದಾಗ ಮಾತ್ರ ಏನೂ ಅಲ್ಲ. ಇಂಥ ಮನುಷ್ಯರನ್ನು ನಾನು ನೋಡಿದ್ದೇನೆ. ಅವರನ್ನು ಸಭೆಗಳಲ್ಲಿ ಎದುರಿನ ಸಾಲಿನಲ್ಲಿ ಕೂರಿಸುತ್ತಾರೆ. ಪ್ರತೀಕ್ಷಾ ಬಸ್ಸಿನಲ್ಲಿಯೇ ಕಪ್ಪು ಯಂತ್ರವನ್ನು ಎರಡೂ ಕೈಯಿಂದ ತೆರೆದು ಕೆಲಸ ಶುರುಮಾಡಿದಳು. ಸೋಮವಾರ ಹತ್ತು ಗಂಟೆಗೆ ಚಿತ್ರ ಕೊಟ್ಟಳು. ಬಸ್ಸಿಗೆ ಕಾದು ಕಾದು ಹತ್ತಿ, ಮುಂದಿನ ನಿಲ್ದಾಣದಲ್ಲಿಯೇ ಇಳಿದು, ಮತ್ತೆ ನಡೆದು ಹಿಂದಕ್ಕೆ ಬರುವ ಒಂದು ನಾಯಿಯ ಚಿತ್ರ. ನಾಯಿ ಯಾಕೆ ಹಾಗೆ ಮಾಡುತ್ತದೆ ಎಂದು ನಾನು ಕೇಳಲಿಲ್ಲ. ಪಾಸಾದಳು.

ಉಳಿದದ್ದು ತಂಗಿಗೆ ಹೇಳುವ ಕೆಲಸ. ಮಿಕ್ಕಿದ ಹಣ ಹಿಡಿದುಕೊಂಡು ಮಡಂತ್ಯಾರಿಗೆ ಹೋಗುವಾಗ ದಾರಿಯುದ್ದಕ್ಕೂ ಮಾತು ಜೋಡಿಸಿದೆ: ತಂತ್ರಜ್ಞಾನ ದಿನದಿನಕ್ಕೆ ಬದಲಾಗುತ್ತಿದೆ, ಕಾಲೇಜಿನವರು ಸಿಲೆಬಸ್ ಬದಲಿಸಿದ್ದಾರೆ, ಇತ್ಯಾದಿ. ವನಜ ಹೊಲಿಗೆಯಂತ್ರದ ಮುಂದೆ ಬಾಯಲ್ಲಿ ನೂಲು ಕಚ್ಚಿಕೊಂಡು ಕೂತಿದ್ದಳು. ನಾನು ಚಪ್ಪಲಿ ಬಿಡುವ ಮೊದಲೇ, "ಎಷ್ಟಕ್ಕೆ ಹೋಯ್ತು?" ಎಂದಳು.

"ನಿನಗೆ ಗೊತ್ತುಂಟಾ?"

"ತಂದ ದಿನವೇ ಅವಳು ಹೇಳಿದ್ಳು, ಇದು ಆಗುದಿಲ್ಲ ಅಂತ."

"ಮತ್ತೆ ಅಕ್ಕಿಯಲ್ಲಿ ಇಟ್ಟದ್ದು?"

"ಹೊಸತರ ಹಾಗೆ ಇದ್ರೆ ಅಲ್ವಾ ಕ್ರಯ ಬರುದು? ಹೊರಗೆ ಇಟ್ರೆ ಬಂದವರಿಗೆಲ್ಲ ನೀನು ತೆರೆದು ತೋರಿಸ್ತಿ. ಅಕ್ಕಿ ಡ್ರಮ್ಮಿಗೆ ಕೈ ಹಾಕುವವಳು ಈ ಮನೆಯಲ್ಲಿ ನಾನೊಬ್ಳೇ."

ನಾನು ಕುಳಿತುಕೊಂಡೆ. "ಅಂಗಡಿಯಲ್ಲೇ ಹೇಳಬಹುದಿತ್ತಲ್ಲ ಮಾರಾಯ್ತಿ."

ಅವಳು ನೂಲು ಕಡಿದಳು. "ಹೇಗೆ ಹೇಳುದು? ಮುಚ್ಚಳ ತೆಗ್ದು ಹಾಕಿ, ತೆಗ್ದು ಹಾಕಿ ಮಾಡ್ತಿದ್ದಿ. ಅಪ್ಪ ತೀರಿಹೋದ ಮೇಲೆ ನಿನ್ನ ಮುಖದಲ್ಲಿ ಅಂಥ ನಗೆ ನಾನು ನೋಡಿರ್ಲಿಲ್ಲ. ಸ್ವಲ್ಪ ದಿನ ಸುಮ್ಮನಿರು ಅಂತ ಅವಳ ಹತ್ರ ನಾನೇ ಹೇಳಿದ್ದು. ಪಾಪ, ಅವಳೂ ಸುಮ್ಮನಿದ್ಳು. ಫೇಲಾಗ್ತೇನೆ ಅಂತ ಆದ ಮೇಲೆ ಮಾಮನಿಗೆ ನೀನೇ ಫೋನು ಮಾಡು ಅಂದೆ."

ನನ್ನ ನೆನಪಿನಲ್ಲಿ ನಾನು ಅಂಗಡಿಯಲ್ಲಿ ಆ ಮುಚ್ಚಳವನ್ನು ತೆರೆದದ್ದು ಒಂದೇ ಸಲ. ಆದರೆ ನನ್ನ ನೆನಪಿನ ಯೋಗ್ಯತೆ ಏನೆಂದು ಈಗಾಗಲೇ ನೀವು ನೋಡಿದ್ದೀರಿ. ಬಿ.ಸಿ. ರೋಡಿಗೆ ಹಿಂದಿರುಗುವಾಗ ನಾನು ಲೆಕ್ಕ ಹಾಕಿದ್ದು ಹಣವನ್ನಲ್ಲ. ಒಬ್ಬ ಹುಡುಗಿ ನಾಲ್ಕು ತಿಂಗಳು ಇನ್ನೊಬ್ಬಳ ಲ್ಯಾಪ್‌ಟಾಪ್ ಯಾವಾಗ ಖಾಲಿಯಾಗುತ್ತದೆ ಎಂದು ಕಾದು ಕೂತಿದ್ದಳು, ಫೇಲಾಗುವ ಹಂತಕ್ಕೆ ಬರುವ ತನಕ. ಮಾವನ ಮುಖ ಬಾಡಬಾರದೆಂದು. ಹೆಚ್ಚಿನ ಬೆಲೆ ತೆತ್ತದ್ದು ಆ ಯಂತ್ರಕ್ಕೆ ಎಂದು ನಾನು ತಿಳಿದಿದ್ದೆ. ತೆತ್ತದ್ದು ನನಗೆ. ನಾನು ಅಷ್ಟು ಬಾಳುತ್ತೇನೆಯೇ ಎಂದು ಆ ಮನೆಯಲ್ಲಿ ಯಾರನ್ನಾದರೂ ಕೇಳಬಹುದು, ಆದರೆ ಅವರು ನಿಜ ಹೇಳಲಾರರು.

ಕಳೆದ ತಿಂಗಳು ವನಜ ಮೋಟಾರಿನ ಹೊಸ ಹೊಲಿಗೆಯಂತ್ರ ಕೊಂಡಳು. ನನಗೆ ಗೊತ್ತಾದದ್ದು ಹದಿನೈದು ದಿನದ ಮೇಲೆ, ಅವಳ ಮನೆಗೆ ಹೋದಾಗ. "ನಿನ್ನ ಹತ್ರ ಕೇಳುವ ಅಂತಲೇ ಇದ್ದೆ ಅಣ್ಣ, ಅಷ್ಟರಲ್ಲಿ ಅಂಗಡಿಯವರೇ ತಂದುಹಾಕಿದ್ರು" ಎಂದಳು. ಬೆಲೆ ಕೇಳಿದೆ. ಕೈಯಲ್ಲಿದ್ದ ಸೂಜಿಯ ಕಡೆ ನೋಡುತ್ತ ಒಂದು ಬೆಲೆ ಹೇಳಿದಳು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ, ಅಣ್ಣನಿಗೆ ಸಮಾಧಾನವಾಗಲು ಎಷ್ಟು ಬೇಕೋ ಅಷ್ಟು. "ಹೇಗುಂಟು, ಅಡ್ಡಿಯಿಲ್ವಾ?" ಎಂದು ಕೇಳಿದಳು. ನಾನು ಯಂತ್ರದ ಸುತ್ತ ಒಮ್ಮೆ ನಡೆದು, ಮೇಲೆ ಮುಚ್ಚಿದ್ದ ಬಟ್ಟೆಯನ್ನು ತಟ್ಟಿ ನೋಡಿ, "ಒಳ್ಳೆ ಕಂಪನಿಯದ್ದೇ ತೆಗೆದಿದ್ದಿ" ಎಂದೆ. ಅದರ ಹೆಸರು ಆ ಬಟ್ಟೆಯ ಅಡಿಯಲ್ಲಿತ್ತು, ನಾನಿನ್ನೂ ನೋಡಿರಲಿಲ್ಲ.