ಅಡಿಟಿಪ್ಪಣಿಯಲ್ಲಿ ದೊಡ್ಡಪ್ಪ

ಆ ಭಾನುವಾರ ಸಮೇತನಹಳ್ಳಿಯ ಮನೆಯ ಜಗಲಿಯ ಮೇಲೆ ನಾವು ನಾಲ್ವರಿದ್ದೆವು. ಅವರೆಕಾಯಿ ಸುಲಿಯುತ್ತಿದ್ದ ನನ್ನ ಹೆಂಡತಿ ಮತ್ತು ಸೋದರತ್ತೆ, ಕನ್ನಡಕ ಏರಿಸಿಕೊಂಡು ನನ್ನ ಸಂಶೋಧನಾ ಲೇಖನ ಓದುತ್ತಿದ್ದ ದೊಡ್ಡಪ್ಪ, ಅವರ ಮುಖ ಓದುತ್ತಿದ್ದ ನಾನು. ನಮ್ಮೂರಿನ ಹೊಲಗಳಿಗೆ ಹೆಸರುಗಳು ಹೇಗೆ ಬಂದವು ಎನ್ನುವುದು ಲೇಖನದ ವಿಷಯ. ನನ್ನ ಮಾರ್ಗದರ್ಶಕರದು ಒಂದೇ ಹಟ: ಏನೇ ಬರೆದರೂ ಅದನ್ನು ಯಾರು ಹೇಳಿದರೆಂದು ಪುಟದ ಕೆಳಗೆ ಅಡಿಟಿಪ್ಪಣಿ ಇರಲೇಬೇಕು. ಪುಸ್ತಕ ನೋಡಿ ಬರೆಯುವವರಿಗೆ ಅದು ಸಲೀಸು. ಪುಸ್ತಕಗಳಿಗೆ ಮುನಿಸು ಬರುವುದಿಲ್ಲ. ನನ್ನ ಆಕರಗಳೆಲ್ಲ ನನ್ನ ನೆಂಟರು.

ದೊಡ್ಡಪ್ಪ ಹಾಳೆಗಳನ್ನು ಕೆಳಗಿಟ್ಟರು. "ಏನಪ್ಪಾ, ನಿಮ್ಮತ್ತೆ ಹೆಸರು ಮೊದಲು, ನನ್ನ ಹೆಸರು ಆಮೇಲೆ. ಅದೂ ಇರುವೆ ಸಾಲಿನಂಗೆ ಇಷ್ಟು ಸಣ್ಣಕ್ಕೆ. ಲಗ್ನಪತ್ರಿಕೇಲಿ ಹಿಂಗ್ ಹಾಕ್ಸಿದ್ದಿದ್ರೆ ಮದುವೆಗೆ ಬರ್ತಿದ್ನಾ ನಾನು?"

ಅತ್ತೆ ಹೇಳಿದ ಹೊಲ ಲೇಖನದಲ್ಲಿ ಮೊದಲು ಬರುತ್ತದೆ, ಹಾಗಾಗಿ ಅವರ ಟಿಪ್ಪಣಿಯೇ ಮೊದಲು, ಬದಲಿಸಲಾಗದು ಎಂದೆ. ನನ್ನ ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟುಹೋಗಿದ್ದ ಭಾವನೊಬ್ಬ ಆಗಿನ್ನೂ ನಮ್ಮ ಮನೆಯಲ್ಲಿ ನೀರು ಮುಟ್ಟುತ್ತಿರಲಿಲ್ಲ. ಅದು ನೆನಪಾದರೂ ನಾನು ಜಗ್ಗಲಿಲ್ಲ.

"ಹಂಗಾದ್ರೆ ಮೂಗಿಲ್ಲದ ಹೊಲದ ಕತೆ ನನ್ನ ಬಾಯಲ್ಲಿ ಬರಲ್ಲ" ಎಂದು ದೊಡ್ಡಪ್ಪ ಕನ್ನಡಕ ತೆಗೆದರು.

ಲೇಖನ ಪೂರ್ತಿಯಾಗದೆ ನಿಂತಿದ್ದೇ ಅದೊಂದು ಹೆಸರಿಗಾಗಿ. ಊರಲ್ಲಿ ಅದರ ಮೂಲ ಗೊತ್ತಿದ್ದುದು ಅವರೊಬ್ಬರಿಗೆ.

ಅತ್ತೆ ತಲೆಯೆತ್ತದೆ ಹೇಳಿದರು: "ಅದೇನ್ ಮಹಾ, ನಾನೇ ಹೇಳ್ತೀನಿ ಬರ್ಕೋ. ಮೂಗು ಕುಯ್ಯಿಸ್ಕೊಂಡಿದ್ದ ಕಳ್ಳ ಒಬ್ಬ ಅಲ್ಲಿ ಬಚ್ಚಿಟ್ಕೊಂಡಿದ್ದ."

ಪೆನ್ನು ತೆಗೆದೆ. ದೊಡ್ಡಪ್ಪ ಸ್ವಲ್ಪ ಹೊತ್ತು ತಡೆದುಕೊಂಡರು. ಆಮೇಲೆ ಆಗಲಿಲ್ಲ.

"ಲೇ, ಸುಳ್ಳು ಬರ್ಕೋಬೇಡ ಕಣೋ! ಯಾವ ಕಳ್ಳನೂ ಇಲ್ಲ. ಹೊಲದ ಒಂದು ಮೂಲೆ ಮೂಗಿನಂಗೆ ಮುಂದಕ್ಕೆ ಚಾಚ್ಕೊಂಡಿತ್ತು. ರಸ್ತೆ ಮಾಡೋವಾಗ ಅದನ್ನ ಕುಯ್ಕೊಂಡ್ ಹೋದ್ರು. ನಮ್ಮಪ್ಪ ನೋಡ್ತಾ ನಿಂತಿದ್ದ."

ಅತ್ತೆ ಸುಮ್ಮನೆ ಇನ್ನೊಂದು ಅವರೆಕಾಯಿ ಕೈಗೆತ್ತಿಕೊಂಡರು. ಅಣ್ಣನ ಸ್ವಭಾವ ಅವರಿಗೆ ಗೊತ್ತಿಲ್ಲದ್ದೇ? ಹೀಗೆ ದೊಡ್ಡಪ್ಪನ ಪಾಲಿಗೆ ಎರಡು ಟಿಪ್ಪಣಿ ಬಂದವು, ಅತ್ತೆಗೆ ಒಂದೇ. ಲೆಕ್ಕ ದೊಡ್ಡಪ್ಪನಿಗೆ ಒಪ್ಪಿಗೆಯಾಯಿತು. "ಕಾಯಿ ಸುಲಿದೋರ ಹೆಸರು ಯಾವ ಪುಟಕ್ಕೆ ಹಾಕ್ತೀರಾ?" ಎಂದಳು ನನ್ನ ಹೆಂಡತಿ. ಅದು ನನಗೆ ಕೇಳಿಸಲಿಲ್ಲ.

ಲೇಖನ ಅಚ್ಚಾಯಿತು. ಸಂಪಾದಕರು ಟಿಪ್ಪಣಿಗಳನ್ನೆಲ್ಲ ಒಟ್ಟು ಮಾಡಿ ಕೊನೆಯ ಪುಟಕ್ಕೆ ಹಾಕಿದ್ದರು. ದೊಡ್ಡಪ್ಪ ಹೊಸಕೋಟೆಗೆ ಹೋಗಿ ಅದೊಂದು ಪುಟವನ್ನೇ ಜೆರಾಕ್ಸ್ ಮಾಡಿಸಿ ನೆಂಟರಿಗೆಲ್ಲ ಹಂಚಿದರು. ನನ್ನ ಹೆಸರಿದ್ದದ್ದು ಮೊದಲ ಪುಟದಲ್ಲಿ.

ಕಳೆದ ವಾರ ಆ ಭಾವ ಮನೆಗೆ ಬಂದ. ಕೊಟ್ಟ ನೀರನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, "ನಮ್ ತೋಟಕ್ಕೂ ಒಂದು ಹೆಸರೈತೆ ಗುರು" ಎಂದ.